ಬೀಗದ ಹಿಂದಿನ ಕಸ

ಆನೇಕಲ್, ಚಂದಾಪುರ, ಅತ್ತಿಬೆಲೆ ಕಡೆಯ ಫ್ಲಾಟುಗಳ ಹರಾಜು ಪ್ರಕಟಣೆ ಪತ್ರಿಕೆಯಲ್ಲಿ ಬಂದಾಗ ನಾನು ಬಿಡದೆ ಓದುತ್ತೇನೆ. ಆಸ್ತಿಯನ್ನು ‘ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ’ ಮಾರುತ್ತಾರೆ. ಈ ‘ಹೇಗಿದೆಯೋ ಹಾಗೆ’ ಎಂಬುದರೊಳಗೆ ಹುಳ ಹಿಡಿದ ಅಕ್ಕಿ, ದೇವರ ಪಟ, ಮಗುವಿನ ಅಂಕಪಟ್ಟಿ ಎಲ್ಲವೂ ಇರಬಹುದು. ಅದನ್ನೆಲ್ಲ ತೆಗೆಯಬೇಕಾದವರು ಯಾರು?

2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು 60 ದಿನಗಳ ನೋಟಿಸು ಕೊಟ್ಟು, ಸಾಲ ಕಟ್ಟದಿದ್ದರೆ, ಕೋರ್ಟಿನ ತೀರ್ಪಿಗೆ ಕಾಯದೆ ಮನೆಯನ್ನು ವಶಕ್ಕೆ ತೆಗೆದುಕೊಳ್ಳಬಹುದು. ಅದೇ ವರ್ಷದ ನಿಯಮಗಳಲ್ಲಿ 8ನೆಯದು, ವಶದಲ್ಲಿರುವ ಆಸ್ತಿಯನ್ನು ಸಾಮಾನ್ಯ ವಿವೇಕವುಳ್ಳ ಮಾಲೀಕನಷ್ಟೇ ಜತನದಿಂದ ನೋಡಿಕೊಳ್ಳಬೇಕು ಎನ್ನುತ್ತದೆ. ಗುಡಿಸಬೇಕೆಂದು ಅಲ್ಲಿ ಬರೆದಿಲ್ಲ. ಆದರೆ ವಿವೇಕವುಳ್ಳ ಯಾವ ಮಾಲೀಕ ಮನೆಯೊಳಗೆ ಅಕ್ಕಿ ಕೊಳೆಯಲು ಬಿಡುತ್ತಾನೆ?

ಕಡಿಮೆ ಬೆಲೆಗೆ ಕೊಂಡವರೇ ಗುಡಿಸಿಕೊಳ್ಳಲಿ ಎಂಬ ವಾದವಿದೆ. ಧೂಳಿನ ಮಟ್ಟಿಗೆ ಅದನ್ನು ಒಪ್ಪುತ್ತೇನೆ. ಆದರೆ ಸಾಲಕ್ಕೆ ಅಡವಿಟ್ಟದ್ದು ಮನೆ. ಒಳಗಿನ ಪಾತ್ರೆ, ಪಟಗಳಲ್ಲ. ಇನ್ನೊಬ್ಬರ ವಸ್ತುವನ್ನು ಕಸವೆಂದು ತೀರ್ಮಾನಿಸುವ ಹಕ್ಕು ಅಗ್ಗದ ಬೆಲೆಯ ಜೊತೆ ಬರುವುದಿಲ್ಲ. ಬಿಟ್ಟು ಹೋದವರೇ ಒಯ್ಯಬೇಕಿತ್ತು ಎನ್ನುವುದೂ ಸುಲಭ. ಆದರೆ ಒಂದು ಮನೆ ಕಳೆದುಕೊಂಡವರಿಗೆ ಸಾಮಾನು ಇಡಲು ಇನ್ನೊಂದು ಮನೆ ಇರಬೇಕಲ್ಲ?

ಕೊಳೆ ಎಂಬುದು ವಸ್ತುವಿನ ಗುಣವಲ್ಲ, ಅದು ಸಲ್ಲದ ಜಾಗದಲ್ಲಿರುವುದರ ಹೆಸರು ಎಂಬ ಅರ್ಥದಲ್ಲಿ ಮಾನವಶಾಸ್ತ್ರಜ್ಞೆ ಮೇರಿ ಡಗ್ಲಸ್ 1966ರಲ್ಲಿ ವಾದಿಸಿದ್ದರು. ಹರಾಜಿನ ಮನೆಯಲ್ಲಿ ಇದು ತಿರುಗುಮುರುಗಾಗುತ್ತದೆ. ಅಂಕಪಟ್ಟಿ ಇದ್ದ ಕಪಾಟಿನಲ್ಲೇ ಇದೆ. ಬದಲಾದದ್ದು ಕಪಾಟಿನ ಒಡೆತನ.

ಕೊನೆಗೆ ತೀರ್ಮಾನ ಬೀಳುವುದು ದಿನಗೂಲಿಗೆ ಬಂದವರ ಮೇಲೆ. ಯಾವುದು ಗುಜರಿಗೆ, ಯಾವುದು ತಿಪ್ಪೆಗೆ ಎಂದು ಅವರೇ ಆರಿಸಬೇಕು. ಕೊಳೆ ಮುಟ್ಟುವ ಕೆಲಸವನ್ನು ಕೆಳಗಿನವರಿಗೆ ದಾಟಿಸುವುದು ನಮ್ಮ ಸಮಾಜದ ಹಳೆಯ ಚಾಳಿ. ಇಲ್ಲಿ ಅದರ ಜೊತೆಗೆ ನೈತಿಕ ಹೊಣೆಯನ್ನೂ ದಾಟಿಸುತ್ತೇವೆ. ಆಮೇಲೆ ಹೊಸ ಮಾಲೀಕರು ಪುಣ್ಯಾಹ ಮಾಡಿಸಿ ಒಳಗೆ ಬರುತ್ತಾರೆ.

ಹೊಣೆ ಬೀಗದ ಕೈಯನ್ನು ಹಿಂಬಾಲಿಸಬೇಕು ಎಂಬುದು ನನ್ನ ನಿಲುವು. ಕೀಲಿ ಯಾರ ಕೈಯಲ್ಲಿದೆಯೋ ಅವರೇ ಒಳಗಿನದನ್ನು ಪಟ್ಟಿ ಮಾಡಿ, ಕುಟುಂಬಕ್ಕೆ ತಿಳಿಸಿ, ಒಯ್ಯಲು ಸಮಯ ಕೊಟ್ಟು, ಉಳಿದದ್ದನ್ನು ತೆರವು ಮಾಡಿಸಬೇಕು. ವಸೂಲಿಗೆ ತಗಲಿದ ನ್ಯಾಯವಾದ ವೆಚ್ಚವನ್ನು ಸಾಲಗಾರನ ಲೆಕ್ಕಕ್ಕೇ ಸೇರಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಹಾಗಾಗಿ ಬ್ಯಾಂಕಿಗೆ ಖರ್ಚಿನ ನೆವವಿಲ್ಲ. ಗುಡಿಸುವ ದುಡ್ಡನ್ನೂ ಆ ಕುಟುಂಬವೇ ತೆರುವುದಾದರೆ, ಮಗುವಿನ ಅಂಕಪಟ್ಟಿಯನ್ನು ಎತ್ತಿಟ್ಟು ಅವರ ಕೈಗೆ ಮುಟ್ಟಿಸುವುದು ದಯೆಯ ಮಾತಲ್ಲ, ಬಾಕಿ ಉಳಿದ ಋಣ.