ಮುಚ್ಚಿದ ಬಾಗಿಲು ಮತ್ತು ನ್ಯಾಸದ ಧರ್ಮ

ಊರಿನ ಹಣವನ್ನು ಊರಿನ ಪರವಾಗಿ ಕಾಯುವವರು ಊರಿನವರಿಗೆ ಕೇಳಿಸದಂತೆ ಮಂತ್ರಾಲೋಚನೆ ನಡೆಸಬಹುದೆ? ಮುಂದೆ ವ್ಯಾಜ್ಯವಾಗಬಹುದಾದ ವಿಷಯವೆಂಬ ಕಾರಣದಿಂದ ಸ್ಥಳೀಯ ಸಂಸ್ಥೆಯೊಂದು ಸಭೆಯ ಬಾಗಿಲನ್ನು ಮುಚ್ಚಿದಾಗ ಉದ್ಭವಿಸುವ ಪ್ರಶ್ನೆ ಇದು.

ಬೆಂಗಳೂರಿನ ಪೂರ್ವದಲ್ಲಿರುವ ಹೂಡಿಯಂತಹ ಊರಿನಲ್ಲಿ ಇದು ಬರಿಯ ತರ್ಕದ ವಿಷಯವಲ್ಲ. ಹೊಲ ಕೆರೆಗಳ ಗ್ರಾಮವಾಗಿದ್ದ ಹೂಡಿ ವೈಟ್‌ಫೀಲ್ಡ್ ಭಾಗದ ಉದ್ಯಮ ವಲಯದೊಳಗೆ ಸೇರಿಹೋಯಿತು. ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಕೂಡಿಸಿಕೊಂಡು 2007ರಲ್ಲಿ ರಚಿತವಾದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಅದು ಸೇರಿತು. 2025ರಲ್ಲಿ ಆ ಪಾಲಿಕೆ ಐದಾಗಿ ಒಡೆದಾಗ ಬೆಂಗಳೂರು ಪೂರ್ವ ನಗರ ಪಾಲಿಕೆಯ ಪಾಲಿಗೆ ಬಂತು. ಆಡಳಿತ ಬದಲಾದರೂ ರಸ್ತೆ ಅಗಲೀಕರಣ, ಖಾತೆ, ರಾಜಕಾಲುವೆಯ ಗಡಿ ಇವುಗಳ ತಕರಾರು ಬದಲಾಗಲಿಲ್ಲ.

ಕಾಲುವೆಯ ಉದಾಹರಣೆಯನ್ನೇ ನೋಡಬಹುದು. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್, ಪ್ರಧಾನ ರಾಜಕಾಲುವೆಗಳ ಪಕ್ಕ 50 ಮೀಟರ್ ಮೀಸಲು ಪ್ರದೇಶವಿರಬೇಕೆಂದಿತು. 2019ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿತು. 2022ರ ಆಗಸ್ಟ್ ಕೊನೆಯಲ್ಲಿಯೂ ಸೆಪ್ಟೆಂಬರ್ ಮೊದಲಲ್ಲಿಯೂ ಸುರಿದ ಮಳೆಗೆ ಮಹದೇವಪುರ ವಲಯದ ಬಡಾವಣೆಗಳು ಮುಳುಗಿದವು. ಪಾಲಿಕೆ ಒತ್ತುವರಿ ತೆರವಿಗೆ ಇಳಿಯಿತು; ಕೆಲವರು ನ್ಯಾಯಾಲಯದ ಮೊರೆಹೊಕ್ಕರು. ಇಂತಹ ಸನ್ನಿವೇಶದಲ್ಲಿ ಒಂದು ಗೋಡೆಯನ್ನು ಕೆಡವುವ ಮೊದಲು ವಕೀಲರನ್ನು ಕೇಳದಿರುವುದು ಅವಿವೇಕವೇ ಆಗುತ್ತದೆ.

ಆ ಸಮಾಲೋಚನೆ ಗುಟ್ಟಾಗಿರಬೇಕೆಂಬ ವಾದಕ್ಕೆ ಆಧಾರವಿಲ್ಲದಿಲ್ಲ. ಸರ್ಕಾರದ ಮೇಲೆ ದಾವೆ ಹೂಡುವ ಮುನ್ನ ಎರಡು ತಿಂಗಳ ನೋಟೀಸು ಕೊಡಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೆಯ ಕಲಂ ಹೇಳುವುದು, ಆ ಅವಧಿಯಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಲೆಂದೇ. ಆಗ ವಕೀಲರು ಮುಕ್ತವಾಗಿ ಮಾತನಾಡಬೇಕು. ನಮ್ಮ ವಾದ ಎಲ್ಲಿ ದುರ್ಬಲ, ಎಷ್ಟಕ್ಕೆ ರಾಜಿಯಾಗಬಹುದು ಎಂಬುದು ಎದುರಾಳಿಯ ಕಿವಿಗೆ ಬಿದ್ದರೆ ನಷ್ಟ ತೆರಿಗೆದಾರನದೇ. ವಕೀಲ ಮತ್ತು ಕಕ್ಷಿದಾರರ ನಡುವಣ ಮಾತಿನ ಗೋಪ್ಯತೆಯನ್ನು 1872ರ ಸಾಕ್ಷ್ಯ ಅಧಿನಿಯಮವೂ ಅದರ ಸ್ಥಾನದಲ್ಲಿ ಬಂದ 2023ರ ಕಾನೂನೂ ಮನ್ನಿಸಿವೆ. 1888ರ ಮುಂಬಯಿ ನಗರಪಾಲಿಕೆ ಕಾನೂನು ಸಭೆಗಳು ಸಾರ್ವಜನಿಕರಿಗೆ ತೆರೆದಿರಬೇಕೆಂದು ವಿಧಿಸಿಯೂ, ಹಾಜರಿರುವ ಸದಸ್ಯರ ಬಹುಮತದ ನಿರ್ಣಯದಿಂದ ಒಂದು ಚರ್ಚೆಯನ್ನು ಖಾಸಗಿಯಾಗಿ ನಡೆಸಲು ಅವಕಾಶವಿತ್ತಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1953ರಲ್ಲಿ ಬಂದ ಬ್ರೌನ್ ಕಾನೂನು ಸಂಭಾವ್ಯ ವ್ಯಾಜ್ಯಕ್ಕೆ ಇಂಥದೇ ವಿನಾಯಿತಿ ನೀಡುತ್ತದೆ.

ಶ್ರಾವಕಾಚಾರವೂ ಮೌನವನ್ನು ದೋಷವೆಂದು ಎಣಿಸಿಲ್ಲ. ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೆಸರಿಸುತ್ತದೆ: ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. ಇವುಗಳಲ್ಲಿ ಎರಡು, ಪರರ ಏಕಾಂತವನ್ನೂ ಮಂತ್ರಾಲೋಚನೆಯನ್ನೂ ಬಯಲುಮಾಡುವ ದೋಷಗಳೇ ಆಗಿವೆ. ಸತ್ಯವ್ರತವೆಂದರೆ ತಿಳಿದುದನ್ನೆಲ್ಲ ಎಲ್ಲರಿಗೂ ಸಾರುವುದಲ್ಲ.

ಆದರೆ ಅದೇ ಪಟ್ಟಿಯಲ್ಲಿ ನ್ಯಾಸಾಪಹಾರವೂ ಇದೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅದನ್ನು ವಿವರಿಸುವ ರೀತಿ ಗಮನಾರ್ಹ. ಒತ್ತೆಯಿಟ್ಟವನು ತಾನಿಟ್ಟ ಮೊತ್ತವನ್ನು ಮರೆತು ಕಡಿಮೆ ಕೇಳುತ್ತಾನೆ; ಕಾದಿಟ್ಟವನು ‘ಹೌದು, ಅಷ್ಟೇ’ ಎಂಬಂತೆ ಒಪ್ಪಿಬಿಡುತ್ತಾನೆ. ಇಲ್ಲಿ ಕದಿಯಲು ಯಾರೂ ಕೈ ಚಾಚಿಲ್ಲ. ತಿಳಿದವನು ತಿಳಿಯದವನ ಅಜ್ಞಾನವನ್ನು ಲಾಭವಾಗಿಸಿಕೊಂಡಿದ್ದಾನೆ, ಅಷ್ಟೆ. ಅದೇ ಅತಿಚಾರ.

ಈ ದೃಷ್ಟಾಂತವು ಮುಚ್ಚಿದ ಬಾಗಿಲಿನ ಪ್ರಶ್ನೆಯನ್ನು ಸ್ಪಷ್ಟಪಡಿಸುತ್ತದೆ. ಸುಳ್ಳು ಬಿಲ್ಲು ಹಿಡಿದು ಬರುವ ಗುತ್ತಿಗೆದಾರನ ಎದುರು ಪಾಲಿಕೆ ತನ್ನ ವಾದವನ್ನು ಗುಟ್ಟಾಗಿಡುವುದು ನ್ಯಾಸದ ರಕ್ಷಣೆ. ರಸ್ತೆಗೆ ಜಾಗ ಕಳೆದುಕೊಂಡ ಗೃಹಸ್ಥನಿಗೆ ಸಲ್ಲಬೇಕಾದ ಪರಿಹಾರ ಹೆಚ್ಚಿದೆಯೆಂದು, ಅಥವಾ ಕಾಲುವೆಯ ಮೋಜಣಿ ತಪ್ಪಾಗಿದೆಯೆಂದು ಒಳಗೆ ತಿಳಿದೂ ಅವನು ಕೇಳಿದಷ್ಟಕ್ಕೇ ತಲೆಯಾಡಿಸುವುದು ನ್ಯಾಸಾಪಹಾರ. ಬಾಗಿಲು ಎರಡೂ ಕಡೆ ಒಂದೇ. ಒಳಗೆ ನಡೆಯುವ ಕ್ರಿಯೆ ಮಾತ್ರ ಬೇರೆ.

ಸತ್ಯ ಹೇಳಿದರೆ ಸಾರ್ವಜನಿಕ ಹಣ ಹೋಗುವುದಲ್ಲವೆ ಎಂಬ ಆಕ್ಷೇಪ ಬರಬಹುದು. ಸಲ್ಲಬೇಕಾದುದನ್ನು ಸಲ್ಲಿಸುವುದು ನಷ್ಟವಲ್ಲ. ಆ ಹಣ ಮೊದಲಿನಿಂದಲೂ ಪಾಲಿಕೆಯದಲ್ಲ. ಮೇಲಾಗಿ, ವಕೀಲರ ಗೋಪ್ಯತೆ ಕಕ್ಷಿದಾರನ ಹಿತಕ್ಕಾಗಿ ಇರುವುದು. ಪಾಲಿಕೆಯ ಹೆಸರಿನ ಹಿಂದಿರುವ ನಿಜವಾದ ಕಕ್ಷಿದಾರ ನಾಗರಿಕನೇ.

ಆದ್ದರಿಂದ ಮೂರು ಮಿತಿಗಳು ವಿಚಾರಾರ್ಹ. ಮೊದಲನೆಯದು, ವಾದದ ತಂತ್ರ ಗುಟ್ಟಾಗಿರಲಿ, ವಸ್ತುಸ್ಥಿತಿ ಗುಟ್ಟಾಗದಿರಲಿ. ನಕ್ಷೆ, ಮೋಜಣಿ, ಅಳತೆಗಳು ಎಲ್ಲರವು. ಎರಡನೆಯದು, ಬಾಗಿಲು ಏಕೆ ಮುಚ್ಚಿತೆಂಬ ಕಾರಣವೂ ಕೊನೆಗೆ ಆದ ತೀರ್ಮಾನವೂ ದಾಖಲಾಗಿ ಪ್ರಕಟವಾಗಲಿ. ಮೂರನೆಯದು, ವ್ಯಾಜ್ಯ ಮುಗಿದ ಮೇಲೆ ಗೋಪ್ಯತೆಯೂ ಮುಗಿಯಲಿ. 2005ರ ಮಾಹಿತಿ ಹಕ್ಕು ಕಾನೂನಿನ ಆಶಯವೂ ಇದಕ್ಕೆ ಸಮೀಪದ್ದು: ನ್ಯಾಯಾಲಯಕ್ಕೆ ಸಂಬಂಧಿಸಿದ ವಿನಾಯಿತಿ ಅಲ್ಲಿ ಅನ್ವಯಿಸುವುದು ನ್ಯಾಯಾಲಯವೇ ಸ್ಪಷ್ಟವಾಗಿ ನಿಷೇಧಿಸಿದ ಅಥವಾ ಪ್ರಕಟಣೆಯಿಂದ ನ್ಯಾಯಾಲಯ ನಿಂದನೆಯಾಗುವ ಮಾಹಿತಿಗೆ. ವ್ಯಾಜ್ಯ ಬರಬಹುದೆಂಬ ಭಯಕ್ಕಲ್ಲ.

ಬಾಗಿಲನ್ನು ಮುಚ್ಚಲಿಕ್ಕೂ ಮೊದಲು ಸಭೆಯೊಂದು ಇರಬೇಕು. ಬೆಂಗಳೂರಿನ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿದ ಬಳಿಕ, ಹಳೆಯ ಪಾಲಿಕೆ ಇಲ್ಲವಾಗುವವರೆಗೂ ಚುನಾವಣೆ ನಡೆಯಲಿಲ್ಲ. ಆ ವರ್ಷಗಳಲ್ಲಿ ನಿರ್ಣಯಗಳಾದವು, ದಾವೆಗಳೂ ಆದವು. ಒಳಗಿನ ಮಾತಿಗೆ ಮತದಾರರಿಗೆ ಉತ್ತರ ಹೇಳಬೇಕಾದ ಒಬ್ಬ ಸದಸ್ಯನೂ ಇರಲಿಲ್ಲ. ಗೋಪ್ಯ ಸಭೆಗಿಂತ ಇದು ಗಾಢವಾದ ಗೋಪ್ಯತೆ.

ಈ ವಿವೇಚನೆ ಪಾಲಿಕೆಗಷ್ಟೇ ಸೀಮಿತವಲ್ಲ. ಬಸದಿಯ ಜಮೀನಿನ ತಕರಾರನ್ನು ಚರ್ಚಿಸಲು ಕೂಡುವ ಟ್ರಸ್ಟಿನ ವಿಶ್ವಸ್ಥರೂ ನ್ಯಾಸವನ್ನೇ ಕಾಯುವವರು. ಎದುರಿಗಿರುವವನು ಗೇಣಿದಾರನಿರಲಿ, ದಾನಿಯ ವಂಶಸ್ಥನಿರಲಿ, ಒಳಗೆ ಆಡಿದ ಮಾತು ಹೊರಗೆ ಬಂದರೆ ತಮಗೆ ಸೋಲಾಗುವುದೆ ಅಥವಾ ತಲೆ ತಗ್ಗುವುದೆ ಎಂದು ಅವರು ಕೇಳಿಕೊಳ್ಳಬೇಕು. ಸೋಲಷ್ಟೇ ಆಗುವುದಾದರೆ ಬಾಗಿಲು ಮುಚ್ಚಿರಲಿ. ತಲೆ ತಗ್ಗುವುದಾದರೆ ಆ ಮಾತನ್ನೇ ಬದಲಿಸಬೇಕು.