ಸಾದೃಶ್ಯವು ಐಕ್ಯವಲ್ಲ

ಕಳೆದ ಚಾತುರ್ಮಾಸ್ಯದಲ್ಲಿ ಒಂದು ಸಾಯಂಕಾಲ ಪಾಠ ಮುಗಿದ ಮೇಲೆ, ಸೂರತ್ತಿನ ಕತಾರ್‌ಗಾಮ್‌ನಲ್ಲಿರುವ ನಮ್ಮವರ ಮನೆಯ ತರುಣನೊಬ್ಬನು ಬಳಿಗೆ ಬಂದು ಕುಳಿತನು. ಗೆಳೆಯನ ಸಾಲ ತೀರಿಸಲೆಂದು ಕ್ರಿಪ್ಟೊ ನಾಣ್ಯದ ರೂಪದಲ್ಲಿ ಕಳುಹಿಸಿದ ಹಣವು ಬೇರಾರ ಪಾಲೋ ಆಗಿತ್ತು. "ಆಚಾರ್ಯರೇ, ವಿಳಾಸ ನೋಡಿಯೇ ಕಳುಹಿಸಿದೆ. ಮೊದಲಿನ ಅಕ್ಷರಗಳೂ ಸರಿಯಿದ್ದವು, ಕೊನೆಯವೂ ಸರಿಯಿದ್ದವು. ಇದು ನನ್ನ ಪ್ರಾರಬ್ಧವಲ್ಲವೇ?" ಎಂದನು. ಮೋಸಹೋದವನಲ್ಲಿಯೂ ದೋಷವುಂಟೇ ಎಂಬ ಈ ಪ್ರಶ್ನೆಯನ್ನು ಆಸ್ತಿಕಬಂಧುಗಳೊಡನೆ ವಿಚಾರಿಸಬಯಸುತ್ತೇವೆ.

ಮೊದಲು ವಿಷಯಸ್ವರೂಪವನ್ನು ತಿಳಿಯೋಣ. ಬ್ಯಾಂಕಿನಲ್ಲಿ ಖಾತೆಯೊಡನೆ ಹೆಸರಿರುತ್ತದೆ. ರಿಸರ್ವ್ ಬ್ಯಾಂಕಿನ ಆದೇಶದಂತೆ 2025ರ ಏಪ್ರಿಲ್‌ನಿಂದ ನೆಫ್ಟ್, ಆರ್‌ಟಿಜಿಎಸ್ ಮೂಲಕ ಹಣ ಕಳುಹಿಸುವ ಮುನ್ನ ಪಡೆಯುವವರ ಹೆಸರನ್ನು ನೋಡಿಕೊಳ್ಳುವ ಅನುಕೂಲವೂ ಬಂದಿದೆ. ಕ್ರಿಪ್ಟೊ ವಾಲೆಟ್ಟಿನ ವಿಳಾಸದಲ್ಲಿ ಹೆಸರೇ ಇಲ್ಲ. ಎಥೀರಿಯಮ್ಮಿನ ವಿಳಾಸವೆಂದರೆ ಆರಂಭದ ಎರಡು ಗುರುತುಗಳ ಮುಂದೆ 40 ಅಂಕಿ-ಅಕ್ಷರಗಳ ಸಾಲು. ಮೊಬೈಲಿನ ಪರದೆಯು ಬಹುಮಟ್ಟಿಗೆ ಆದಿಯ ಕೆಲವನ್ನೂ ಅಂತ್ಯದ ಕೆಲವನ್ನೂ ಮಾತ್ರ ತೋರಿಸಿ ನಡುವಿನದನ್ನು ಚುಕ್ಕಿಗಳಲ್ಲಿ ಮರೆಸುತ್ತದೆ. ವಂಚಕನು ಆದ್ಯಂತಗಳೆರಡೂ ಹೋಲುವ ಬೇರೊಂದು ವಿಳಾಸವನ್ನು ಗಣಕಯಂತ್ರದಿಂದ ಹುಟ್ಟಿಸಿ, ಅದರಿಂದ ಅತ್ಯಲ್ಪ ಮೊತ್ತವನ್ನು ನಮಗೆ ಕಳುಹಿಸುತ್ತಾನೆ. ಅದು ನಮ್ಮ ಹಳೆಯ ವ್ಯವಹಾರಗಳ ಪಟ್ಟಿಯಲ್ಲಿ ಸೇರಿಕೊಳ್ಳುತ್ತದೆ. ಮುಂದಿನ ಸಲ ಆ ಪಟ್ಟಿಯಿಂದಲೇ ನಕಲು ತೆಗೆದುಕೊಂಡರೆ ಹಣವು ಅವನದು. ಮರಳಿಸಿಕೊಡಬಲ್ಲ ಮ್ಯಾನೇಜರರು ಯಾರೂ ಅಲ್ಲಿಲ್ಲ. 2024ರ ಮೇ ತಿಂಗಳಲ್ಲಿ ಒಬ್ಬರು ಹೀಗೆಯೇ ಸುಮಾರು 6.8 ಕೋಟಿ ಡಾಲರುಗಳನ್ನು ಕಳೆದುಕೊಂಡರು. ಕಳ್ಳನು ಬಹುಪಾಲನ್ನು ಹಿಂತಿರುಗಿಸಿದನಾದರೂ ಅಂತಹ ದಯೆಯನ್ನು ಎಲ್ಲರೂ ನಿರೀಕ್ಷಿಸಲಾಗದು.

ಟೈಪು ಮಾಡುವಾಗ ಒಂದಕ್ಷರ ತಪ್ಪಿದರೆ ಎಷ್ಟೋ ವೇಳೆ ಯಂತ್ರವೇ ಹಿಡಿಯುತ್ತದೆ. ಹೋಲಿಕೆಯ ವಿಳಾಸವಾದರೋ ತಾನೂ ಸರಿಯಾದ ವಿಳಾಸವೇ ಆದುದರಿಂದ ಯಂತ್ರವು ತಡೆಯದು. ರೂಪವು ಶುದ್ಧವಾಗಿರುವುದು ಬೇರೆ, ಅದು ನಮಗೆ ಬೇಕಾದವನದೇ ಆಗಿರುವುದು ಬೇರೆ.

ಇದು ಶಾಸ್ತ್ರಜ್ಞರಿಗೆ ಹೊಸದಲ್ಲ. ಚಿಪ್ಪಿನಲ್ಲಿ ಬೆಳ್ಳಿಯೆಂಬ ಭ್ರಮೆಯು ಹುಟ್ಟುವುದು ಹೊಳಪಿನ ಸಾದೃಶ್ಯದಿಂದ. ಶ್ರೀಮದಾಚಾರ್ಯರು ಸಾರಿದ ಪಂಚಭೇದಗಳಲ್ಲಿ ಜಡಜಡಭೇದವೂ ಒಂದು. ಎರಡು ವಸ್ತುಗಳು ಎಷ್ಟೇ ಹೋಲಲಿ, ಅವು ಎರಡೇ. ಜೀವರೂ ಹಾಗೆಯೇ ಪರಸ್ಪರ ಭಿನ್ನರು. ಈ ಸಿದ್ಧಾಂತವನ್ನು ಪಾಠದಲ್ಲಿ ಒಪ್ಪಿ, ವ್ಯವಹಾರದಲ್ಲಿ ಹೋಲಿಕೆಯನ್ನೇ ಐಕ್ಯವೆಂದು ಭಾವಿಸುವುದು ನಮಗೆ ತಕ್ಕುದಲ್ಲ. ಸಂಶಯಕ್ಕೆ ಎಡೆಯಿರುವಲ್ಲಿ ಪರೀಕ್ಷೆಯಿಂದಲೇ ನಿಶ್ಚಯವಾಗಬೇಕು.

ರೈಲ್ವೆಯ ಸೇವೆಯಲ್ಲಿ ನಾವು ಕಲಿತ ಪಾಠವೊಂದಿದೆ. ಒಂಟಿ ಹಳಿಯ ಮಾರ್ಗದಲ್ಲಿ ಆಯಾ ಭಾಗದ ಟೋಕನ್ ಕೈಗೆ ಬಾರದೆ ಗಾಡಿ ಹೊರಡಕೂಡದು. ಕೈಗೆ ಬಂದ ಟೋಕನ್ನಿನ ಮೇಲಿನ ನಿಲ್ದಾಣಗಳ ಹೆಸರನ್ನು ಡ್ರೈವರನು ಓದಲೇಬೇಕು. 1921ರ ಜನವರಿ 26ರಂದು ವೇಲ್ಸ್ ದೇಶದ ಆಬರ್‌ಮ್ಯೂಲ್ ನಿಲ್ದಾಣದಲ್ಲಿ, ಗಾಡಿಯೊಂದು ತಾನು ಹಿಂದಿನ ಭಾಗದಿಂದ ತಂದು ಒಪ್ಪಿಸಿದ ಟೋಕನ್ನನ್ನೇ ಮರಳಿ ಪಡೆದು, ಮುಂದಿನ ಭಾಗದ್ದೆಂದು ನಂಬಿ ಹೊರಟಿತು. ಹಲವರ ಕೈದಾಟಿದರೂ ಯಾರೂ ಓದಲಿಲ್ಲ. ಎದುರಿನಿಂದ ಬಂದ ಎಕ್ಸ್‌ಪ್ರೆಸ್‌ಗೆ ಡಿಕ್ಕಿಯಾಗಿ 17 ಮಂದಿ ಮಡಿದರು. ಅಲ್ಲಿ ವಂಚಕನೂ ಇರಲಿಲ್ಲ. ಇದ್ದುದು ಪ್ರಮಾದವೊಂದೇ.

ಆದುದರಿಂದ ತರುಣನಿಗೆ ನಾವು ಹೇಳಿದುದಿಷ್ಟು: ಕಳವಿನ ಪಾಪವು ಸಂಪೂರ್ಣವಾಗಿ ಕಳ್ಳನದು. ಓದದಿದ್ದ ಪ್ರಮಾದವು ಮಾತ್ರ ನಿನ್ನದು. ಅದನ್ನು ಪ್ರಾರಬ್ಧದ ಮೇಲೆ ಹೊರಿಸಿದರೆ ಮುಂದಿನ ಸಲವೂ ಓದಲಾರೆ. ಸಂಪತ್ತಿನ ಸ್ವಾಮಿ ಶ್ರೀಹರಿ, ನಾವು ಕಾವಲುಗಾರರು. ಕಾವಲುಗಾರನಿಗೆ ಜಾಗರೂಕತೆಯೇ ಧರ್ಮ. ವಿಳಾಸವನ್ನು ಪಡೆಯುವವರಿಂದಲೇ ಕೇಳಿ ಪಡೆ. ಅದನ್ನು ದೂರವಾಣಿಯಲ್ಲಿ ಅವರ ಪರಿಚಿತ ಧ್ವನಿಯಿಂದ ಓದಿಸಿ, ನಡುವಿನ ಅಕ್ಷರಗಳನ್ನೂ ಬಿಡದೆ ತಾಳೆನೋಡು. ಮೊದಲು ಅಲ್ಪಮೊತ್ತ ಕಳುಹಿಸಿ, ತಲಪಿತೆಂದು ಅವರೇ ಹೇಳಿದ ಮೇಲೆ ಉಳಿದುದನ್ನು ಕಳುಹಿಸು. ಆಗಲೂ ಹಳೆಯ ಪಟ್ಟಿಯಿಂದ ನಕಲು ಮಾಡದೆ, ತಾಳೆನೋಡಿ ಬರೆದಿಟ್ಟುಕೊಂಡ ವಿಳಾಸವನ್ನೇ ಬಳಸು.

ವಿಳಾಸವು ಸರಿಯಾದ ಮಾತ್ರಕ್ಕೆ ಕರ್ತವ್ಯ ಮುಗಿಯದು. ಬಿಟ್‌ಕನೆಕ್ಟ್ ಎಂಬ ಯೋಜನೆಗೆ ಬಹುಜನರು ಸರಿಯಾದ ವಿಳಾಸಕ್ಕೇ ಹಣ ತುಂಬಿದ್ದರು. 2018ರ ಜನವರಿಯಲ್ಲಿ ಅದರ ವಹಿವಾಟು ಮುಚ್ಚಿತು. 240 ಕೋಟಿ ಡಾಲರುಗಳ ವಂಚನೆಯೆಂದು 2022ರಲ್ಲಿ ಅಮೆರಿಕದ ಸರ್ಕಾರವು ಗುಜರಾತ್ ಮೂಲದ ಅದರ ಸಂಸ್ಥಾಪಕನ ಮೇಲೆ ಆರೋಪ ಹೊರಿಸಿತು. ಯಾರಿಗೆ ಎಂಬುದರೊಡನೆ, ಅವನು ಪಾತ್ರನೇ ಎಂಬುದನ್ನೂ ವಿಚಾರಿಸಬೇಕು. ದಾನದಲ್ಲಿ ದೇಶ ಕಾಲ ಪಾತ್ರಗಳನ್ನು ನೋಡೆಂದು ಗೀತೆಯು ವಿಧಿಸಿರುವಾಗ, ಲಾಭಕ್ಕೆಂದು ಕೊಡುವಲ್ಲಿ ಪಾತ್ರವಿಚಾರವನ್ನು ಬಿಡುವುದೆಂತು?

ಹಿರಿಯರಿಗೂ ಒಂದು ಮಾತು. ಆ ತರುಣನು ತಂದೆಗೆ ಹೆದರಿ ಹದಿನೈದು ದಿನ ಬಾಯಿಬಿಟ್ಟಿರಲಿಲ್ಲ. ಇಂತಹ ವಂಚನೆಯಾದೊಡನೆ 1930 ಎಂಬ ಸಹಾಯವಾಣಿಗೆ ದೂರು ಕೊಡಬೇಕು. ತಡವಾದಷ್ಟೂ ಹಣವು ಕೈಗೆಟುಕದು. ಮಕ್ಕಳು ತಪ್ಪನ್ನು ನಿರ್ಭಯವಾಗಿ ಹೇಳಿಕೊಳ್ಳುವಂತಹ ಮನೆಯನ್ನು ಉಳಿಸಿಕೊಳ್ಳುವುದೂ ಕಾವಲುಗಾರನ ಧರ್ಮವೇ.

ಶ್ರೀಕೃಷ್ಣಾರ್ಪಣಮಸ್ತು.