ಬ್ಯಾಗು ಕಾಯುವವರು

ದೊಡ್ಡಬಳ್ಳಾಪುರದಿಂದ ಬಿಡದಿಯ ವಂಡರ್‌ಲಾಗೆ ಹೋಗಿಬರುವ ಲೆಕ್ಕಾಚಾರ ನಮ್ಮ ಮನೆಯಲ್ಲಿ ನಡೆದಿದೆ. ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಒಂಬತ್ತು ಜನ. 2005ರಲ್ಲಿ ಶುರುವಾದ ಆ ಪಾರ್ಕಿಗೆ ಈಗ ತನ್ನದೇ ರೆಸಾರ್ಟೂ ಇದೆ. ಎಲ್ಲಿ ಉಳಿಯೋಣ, ಏನು ಉಣ್ಣೋಣ ಎಂದರೆ ಅಜ್ಜಿಯ ಉತ್ತರ ಒಂದೇ: “ನಂಗೇನು, ಎಲ್ಲಾದ್ರೂ ಆಗುತ್ತೆ ಕಣಪ್ಪ.”

ಈ ‘ಆಗುತ್ತೆ’ಯನ್ನು ಒಪ್ಪಿಗೆ ಎಂದು ತಿಳಿಯಬಹುದೆ? ಕಡಿಮೆ ಕೇಳುವವರಿಗೆ ಕಡಿಮೆ ಕೊಡುವುದು ನಮಗೆ ಅನುಕೂಲ, ನ್ಯಾಯವಲ್ಲ. ಸಮನಾಗಿ ಹಂಚಿದರೂ ಸಮಸ್ಯೆ ಮುಗಿಯದು. ಎಲ್ಲರಿಗೂ ಟಿಕೆಟ್ ಕೊಂಡರೂ ಎತ್ತರ ಸಾಲದ ಮಗು, ಬಿಪಿ ಇರುವ ಅಜ್ಜಿ ರೋಲರ್ ಕೋಸ್ಟರ್ ಹತ್ತುವಂತಿಲ್ಲ. ಅದು ಸುರಕ್ಷತೆಯ ನಿಯಮ, ಸರಿಯೇ. ಆದರೆ ಆಗ ಅಜ್ಜಿ ಎಲ್ಲರ ಬ್ಯಾಗು, ಚಪ್ಪಲಿ ಕಾಯುತ್ತ ಕೂರುತ್ತಾರೆ. ಕರೆದೊಯ್ಯುವುದೇ ಬೇರೆ, ಜೊತೆಗೂಡುವುದೇ ಬೇರೆ.

ಮೂರು ತಲೆಮಾರೂ ಒಟ್ಟಿಗೆ ಸೇರುವುದು ಊಟದಲ್ಲಿ, ನಿದ್ದೆಯಲ್ಲಿ. ಹಾಗಾಗಿ ಯೋಜನೆ ಅಲ್ಲಿಂದಲೇ ಶುರುವಾಗಲಿ ಎನ್ನುತ್ತೇನೆ: ಸಕ್ಕರೆ ಕಾಯಿಲೆಯ ಮಾತ್ರೆಯ ಹೊತ್ತಿಗೆ ಊಟ, ಮೆಟ್ಟಿಲು ಹತ್ತಬೇಕಿಲ್ಲದ ಕೋಣೆ, ಮಧ್ಯಾಹ್ನ ಮಲಗಿ ಬರುವಷ್ಟು ಹತ್ತಿರದ ಜಾಗ. ಇದರಿಂದ ಮಕ್ಕಳಿಗೆ ಒಂದೆರಡು ಆಟ ತಪ್ಪಬಹುದು. ಆ ನಷ್ಟವನ್ನು ಮುಚ್ಚಿಡದೆ ಅವರಿಗೇ ಹೇಳಿ ಒಪ್ಪಿಸಬೇಕು. ‘ಆಗುತ್ತೆ’ ಎಂದವರನ್ನು ಮತ್ತೊಮ್ಮೆ ಕೇಳುವ ಅಭ್ಯಾಸವನ್ನು ಅವರು ಇನ್ನೆಲ್ಲಿ ಕಲಿತಾರು?